ಮಸಿನಗುಡಿಯ ಸರದಿ ಮನೆ

ಹೋದ ತಿಂಗಳು ಒಂದು ಮದುವೆ ಮನೆಯ ರವಿಕೆಗಳನ್ನು ಕೊಟ್ಟು ಬರಲು ಊಟಿಯಿಂದ ಮಸಿನಗುಡಿಗೆ ಹೋಗಿದ್ದೆ. ಬಸ್ಸು ನಿಂತಿತು, ಇಳಿದೆ, ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಹಿಂದಿನಿಂದ ಕಂಡಕ್ಟರ್ ಕೂಗಿದ, "ಅಮ್ಮಾ, ಶಾಲು!" ತಿರುಗಿ ನೋಡಿದರೆ ನನ್ನ ಶಾಲು ಕಿಟಕಿ ಪಕ್ಕದ ಸೀಟಿನ ಮೇಲೆ ಹರಡಿಕೊಂಡು ಕೂತಿತ್ತು. ಮರೆತು ಬಿಟ್ಟದ್ದಲ್ಲ ಅದು. ಕೈ ತಾನಾಗಿಯೇ ಹಾಕಿಟ್ಟದ್ದು. ಅದೇ ಬಸ್ಸಿನಲ್ಲಿ ಬೆಟ್ಟ ಹತ್ತಿ ವಾಪಸ್ ಹೋಗುವವರೊಬ್ಬರಿಗೆ ಸೀಟು ಹಿಡಿಯುವುದು ಒಂದು ಚಳಿಗಾಲವಿಡೀ ಆ ಕೈಗೆ ಅಭ್ಯಾಸವಾಗಿತ್ತು. ಅದಾಗಿ ಹತ್ತು ವರ್ಷದ ಮೇಲಾಯಿತು. ಕೈಗೆ ಅದು ಗೊತ್ತಿದ್ದ ಹಾಗಿಲ್ಲ. ನಾಚಿಕೆಯಾಗಿ ಶಾಲು ಈಸಿಕೊಂಡು ಬೇಗ ಬೇಗ ನಡೆದೆ.

ರವಿಕೆ ಕೊಟ್ಟು ಬರುವಾಗ ಬೇಲಿಯಾಚೆಯ ಯಾವುದೋ ಹಿತ್ತಿಲಿನಿಂದ ಸಾಂಬ್ರಾಣಿಯ ವಾಸನೆ ಬಂತು. ದೇವರ ಮನೆಯ ಸಾಂಬ್ರಾಣಿಯಲ್ಲ, ಒದ್ದೆ ಕೂದಲಿಗೆ ಹಿಡಿದ ಸಾಂಬ್ರಾಣಿ. ಸೀಗೆಪುಡಿ, ಹರಳೆಣ್ಣೆ, ಬಿಸಿನೀರು ಎಲ್ಲ ಸೇರಿದ ವಾಸನೆ ಅದು, ತಪ್ಪುವುದಿಲ್ಲ. ನಡುದಾರಿಯಲ್ಲಿ ನಿಂತೇಬಿಟ್ಟೆ.

ಸೀಟು ಹಿಡಿದ ಆ ಚಳಿಗಾಲಕ್ಕೆ ನಾನೂ ಮಲ್ಲೇಶ ಅವರೂ ವಿಚ್ಛೇದನ ಪಡೆದು ವರ್ಷ ತುಂಬಿತ್ತು. ಹೇಳಿಕೊಳ್ಳುವಂಥ ಕಾರಣ ಏನೂ ಇರಲಿಲ್ಲ. ಕುಡಿತವಿಲ್ಲ, ಹೊಡೆತವಿಲ್ಲ, ಇನ್ನೊಬ್ಬಳಿಲ್ಲ. ನಾನು ಬಾಯಿ ಮುಚ್ಚದವಳು, ಅವರು ಬಾಯಿ ಬಿಡದವರು, ಅಷ್ಟೆ. ಗುಂಡ್ಲುಪೇಟೆ ಕಡೆಯಿಂದ ಊಟಿಗೆ ತರಕಾರಿ ವ್ಯಾಪಾರಕ್ಕೆ ಬಂದವರ ಮಗಳು ನಾನು. ಸಂತೆಯಲ್ಲೇ ಬೆಳೆದವಳು, ಮಾತಿಲ್ಲದಿದ್ದರೆ ಅನ್ನ ಇಳಿಯುವುದಿಲ್ಲ. ಅವರು ಊಟಿ ಬೆಟ್ಟದ ಸೋಲೂರಿನ ಹಳೆಯ ಲಿಂಗಾಯತ ಮನೆಯವರು, ಟೀ ತೋಟ, ಒಂದಷ್ಟು ಕ್ಯಾರೆಟ್ಟು. ಬೆಳಿಗ್ಗೆ ಏನೋ ಕೇಳಿದರೆ ಸಂಜೆ ತಲೆ ಆಡಿಸುತ್ತಿದ್ದರು. ಸುಮ್ಮನಿದ್ದೂ ಇದ್ದೂ ಅವರು ನನ್ನನ್ನು ಸುಸ್ತು ಮಾಡಿದರು, ಆಡಿಯೂ ಆಡಿಯೂ ನಾನು ಅವರನ್ನು. ಕೊನೆಗೆ ನಾನು ಊಟಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಬೇರೆ ಮನೆ ಮಾಡಿದೆ. ಮಗಳು ಗೌರಿ ಒಂದು ವಾರ ಅತ್ತ, ಒಂದು ವಾರ ಇತ್ತ ಎಂದಾಯಿತು.

ಅವರನ್ನು ಕರೆಯುವುದೇ ಒಂದು ತಾಪತ್ರಯವಾಗಿತ್ತು. ಮದುವೆಯಾದಾಗಿನಿಂದ "ರೀ" ಎನ್ನುತ್ತಿದ್ದೆ. ಕೋರ್ಟಿನಿಂದ ಹೊರಗೆ ಬಂದ ಮೇಲೆ ಆ "ರೀ" ಬಾಯಿಗೆ ಬರಲೊಲ್ಲದು. ಹೆಸರು ಹಿಡಿದು ಕರೆಯಲು ನಾಲಿಗೆ ಒಗ್ಗದು. ಒಂದು ದಿನ "ಗೌರಿ ಅಪ್ಪಾ" ಎಂದೆ. ಅವರು ತಿರುಗಿ ನೋಡಿದರು. ಅಂದಿನಿಂದ ಅವರು ಗೌರಿ ಅಪ್ಪ, ನಾನು ಗೌರಿ ಅಮ್ಮ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಗೌರಿಗೆ ಉಬ್ಬಸ ಹಿಡಿಯಿತು. ಅವಳಿಗಾಗ ಎಂಟು ತುಂಬಿತ್ತು. ಇಲ್ಲಿ ಇದನ್ನು ಎಲ್ಲರೂ ತಮಿಳಿನಲ್ಲಿ ಇಳುಪ್ಪು ಎನ್ನುತ್ತಾರೆ. ಎಳೆದೂ ಎಳೆದೂ ಉಸಿರು ತೆಗೆಯುವ ಮಗುವನ್ನು ನೋಡಿದವರಿಗೆ ಆ ಮಾತಿನ ಅರ್ಥ ಗೊತ್ತು. ಊಟಿಯ ಡಾಕ್ಟರು ಬಾಯಲ್ಲಿಟ್ಟು ಎಳೆದುಕೊಳ್ಳುವ ಪಫ್ ಕೊಟ್ಟು, "ಡಿಸೆಂಬರಿನ ಹಿಮ ಈ ಮಗುವಿಗೆ ಬೇಡ. ಚಳಿ ಕಳೆಯುವ ತನಕ ಬೆಟ್ಟದ ಕೆಳಗೆ ಎಲ್ಲಾದರೂ ಇಡಿ" ಎಂದರು. ಹುಲ್ಲೆಲ್ಲ ಬೆಳ್ಳಗಾಗಿ, ಟೀ ಚಿಗುರು ಸುಟ್ಟು ಕಪ್ಪಾಗುವ ಚಳಿ ಸೋಲೂರಿನದು. ಊಟಿಯದೂ ಏನು ಕಮ್ಮಿಯಲ್ಲ.

ನಂಜನಗೂಡಿನಲ್ಲಿರುವ ನನ್ನ ಅಕ್ಕ ತಕ್ಷಣ ಹೇಳಿದಳು, "ನನ್ಹತ್ರ ಬಿಡು. ಬೆಚ್ಚಗಿನ ಊರು, ಎದುರಿಗೇ ಸ್ಕೂಲು. ನಿಮ್ಮಿಬ್ಬರ ಹಗ್ಗಜಗ್ಗಾಟದಲ್ಲಿ ಕೂಸು ಯಾಕೆ ಸೊರಗಬೇಕು?" ಎರಡೂ ಮನೆಯ ಹಿರಿಯರಿಗೆ ಅದು ಸರಿ ಕಂಡಿತು. ನಮ್ಮಿಬ್ಬರಿಗೆ ಮಾತ್ರ ಅದು ಬೇಡವಾಗಿತ್ತು. ಒಂದು ಸಲ ಅಲ್ಲಿಗೆ ಹೋದರೆ ಒಂದು ವರ್ಷ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಮಗಳು ದೊಡ್ಡಮ್ಮನ ಮಗಳಾಗಿಬಿಡುತ್ತಾಳೆ. ಆಗ ಬಾಯಿ ಬಿಟ್ಟವರು ಮಲ್ಲೇಶ ಅವರೇ.

"ಮಸಿನಗುಡೀಲಿ ಒಂದು ಮನೆ ಹಿಡಿಯೋಣ. ಕೂಸು ಅಲ್ಲೇ ಇರಲಿ. ನಾವು ಮಾರಿ ಮಾರಿ ಹೋಗೋಣ. ಒಂದು ವಾರ ನೀನು, ಒಂದು ವಾರ ನಾನು."

ಮಗು ಎರಡು ಮನೆಗೆ ಅಲೆಯುವ ಬದಲು ಒಂದೇ ಮನೆಗೆ ನಾವು ಅಲೆಯುವುದು. ಹಿರಿಯರು ನಕ್ಕರು. "ಒಂದೇ ಸೂರಡಿ ಇರಕ್ಕಾಗದೆ ಬಿಟ್ಟೋರು, ಈಗ ಒಂದೇ ಅಡುಗೆಮನೇಲಿ ಬೇಯಿಸ್ತಾರಂತೆ" ಎಂದು ಅಕ್ಕ ಆಡಿಕೊಂಡಳು. ಕೊನೆಗೆ ಒಪ್ಪಂದ ಇಷ್ಟಾಯಿತು. ಈ ಚಳಿಗಾಲ ನಾವು ಮಾಡಿ ನೋಡುವುದು. ಚಳಿ ಕಳೆದರೂ ಇಳುಪ್ಪು ಕಮ್ಮಿಯಾಗದಿದ್ದರೆ ಗೌರಿ ನಂಜನಗೂಡಿಗೆ.

ಮನೆ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದೆ, ಟೀ ಅಂಗಡಿಯ ಸರೋಜಕ್ಕನದು. ಎರಡು ಕೋಣೆ, ಹಂಚಿನ ಮಾಡು, ಹಿತ್ತಿಲಲ್ಲಿ ನೀರು ಕಾಯಿಸುವ ಒಲೆ. ಬೇಲಿಯಾಚೆ ಜಿಂಕೆಗಳು ಹಸುಗಳ ಜೊತೆ ಮೇಯುತ್ತಿದ್ದವು. ಬೆಟ್ಟದ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದವಳು ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಇಳಿಯುತ್ತಾ ಒಂದೊಂದೇ ಬಿಚ್ಚಿ ಮಡಿಸಿಕೊಳ್ಳುತ್ತಿದ್ದೆ. ಅಲ್ಲಿಯ ಶಾಲೆಯ ಹೆಡ್‌ಮಿಸ್ ದೊಡ್ಡ ಮನಸ್ಸು ಮಾಡಿ ಗೌರಿಯನ್ನು ಕೂರಿಸಿಕೊಂಡರು. ನಾನು ನನ್ನ ವಾರಕ್ಕೆ ಕತ್ತರಿಸಿದ ಬಟ್ಟೆಯನ್ನು ಗಂಟು ಕಟ್ಟಿ ತರುತ್ತಿದ್ದೆ, ಸರೋಜಕ್ಕನ ಹಳೆಯ ಮಿಷನ್ನಿನಲ್ಲಿ ಹೊಲಿಯುತ್ತಿದ್ದೆ. ಅವರು ತೋಟವನ್ನು ತಮ್ಮನಿಗೆ ಒಪ್ಪಿಸಿ ಬರುತ್ತಿದ್ದರು.

ಸರದಿ ಬದಲಾಗುವುದು ಭಾನುವಾರ ಮಧ್ಯಾಹ್ನ. ಊಟಿಯಿಂದ ಬರುವ ಬಸ್ಸು ಅಲ್ಲೇ ತಿರುಗಿ ವಾಪಸ್ ಹೋಗುತ್ತಿತ್ತು. ಬಂದವರು ಇಳಿಯುವುದು, ಇದ್ದವರು ಹತ್ತುವುದು. ಭಾನುವಾರದ ಬಸ್ಸೆಂದರೆ ನುಗ್ಗಾಟ, ಆದ್ದರಿಂದ ಇಳಿಯುವವರು ಹತ್ತುವವರಿಗೆ ಸೀಟು ಹಿಡಿದು ಇಳಿಯಬೇಕು. ನಾನು ಶಾಲು ಹಾಕುತ್ತಿದ್ದೆ, ಅವರು ಟವೆಲ್ಲು. ಕಿಟಕಿ ಪಕ್ಕದ್ದೇ ಆಗಬೇಕು, ಯಾಕೆಂದರೆ ಡ್ರೈವರು ಟೀ ಕುಡಿದು ಮುಗಿಸುವ ತನಕ ಕಿಟಕಿಯ ಒಳಗೊಬ್ಬರು ಹೊರಗೊಬ್ಬರು ನಿಂತು ಮಗಳ ವಿಷಯ ಹೇಳಿ ಮುಗಿಸಬೇಕು.

ಮೊದಮೊದಲು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದೆವು. ಗೌರಿ ಅದರ ಲಾಭ ಪಡೆದಳು. "ಅಮ್ಮ ರಾತ್ರಿ ಮೊಸರು ಕೊಡ್ತಾಳೆ" ಎಂದು ಅಪ್ಪನ ಹತ್ತಿರ, "ಅಪ್ಪ ಸ್ವೆಟರ್ ಬೇಡ ಅಂದ್ರು" ಎಂದು ನನ್ನ ಹತ್ತಿರ. ಎರಡೂ ಹಸಿ ಸುಳ್ಳು. ಸಿಕ್ಕಿಬಿದ್ದ ಮೇಲೆ ನಾವೊಂದು ಕ್ರಮ ಮಾಡಿದೆವು. ಹೇಳುವುದನ್ನೆಲ್ಲ ಅವಳ ಎದುರಿಗೇ, ಕನ್ನಡದಲ್ಲೇ, ಗಟ್ಟಿಯಾಗಿ ಹೇಳುವುದು. ಬಸ್ಸಿನ ಸದ್ದಿಗೆ ಇನ್ನೂ ಗಟ್ಟಿಯಾಗಿ.

"ಮಂಗಳವಾರ ಕಾಲತ್ತಾಲೆ, ಬೆಳಿಗ್ಗೆ ಬೆಳಿಗ್ಗೇನೇ, ಇಳುಪ್ಪು ಬಂತು. ಪಫ್ ಕೊಟ್ಟೆ. ಆಮೇಲೆ ಇಲ್ಲೆ" ಎನ್ನುವರು ಅವರು. 'ಇಲ್ಲ' ಎನ್ನಲು ಅವರ ಮನೆ ಮಾತಿನಲ್ಲಿ 'ಇಲ್ಲೆ'.

"ಹೊಟ್ಟೆ?"

"ದಿನಾ ಸರಿಯಾಗಿ ಹೋಗ್ತು."

ಇಡೀ ಬಸ್ಸು ಕಿವಿಯಾಗಿ ಕೇಳುತ್ತಿತ್ತು. ಗೌರಿ ಅವಮಾನದಿಂದ ಸರೋಜಕ್ಕನ ಅಂಗಡಿಯ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದಳು. ಹೋಗ್ತಾ ಹೋಗ್ತಾ ಡ್ರೈವರೇ "ಪಾಪಾ ಈ ವಾರ ಹೇಗಮ್ಮಾ?" ಎಂದು ವಿಚಾರಿಸುವಂತಾಯಿತು. ಕ್ಯಾರೆಟ್ ಮೂಟೆಯ ಮೇಲೆ ಕೂತ ಮುದುಕಿಯೊಬ್ಬಳು ಎದೆಗೆ ಯಾವ ಎಣ್ಣೆ ಹಚ್ಚಬೇಕೆಂದು ಪ್ರತಿ ವಾರ ಹೇಳುತ್ತಿದ್ದಳು. ನಾವಿಬ್ಬರೂ ಅವಳ ಮಾತಿಗೆ ಒಟ್ಟಿಗೇ ತಲೆ ಆಡಿಸುತ್ತಿದ್ದೆವು. ಮದುವೆಯಾಗಿದ್ದ ಅಷ್ಟು ವರ್ಷದಲ್ಲಿ ನಾವು ಒಟ್ಟಿಗೆ ತಲೆ ಆಡಿಸಿದ್ದು ನನಗೆ ನೆನಪಿಲ್ಲ.

ಬಸ್ಸು ಹೋದ ಮೇಲೆ ಮನೆಯೊಳಗೆ ಬಂದರೆ ಅವರ ವಾರ ಇನ್ನೂ ಬೆಚ್ಚಗಿರುತ್ತಿತ್ತು. ಒಲೆಯಲ್ಲಿ ಕೆಂಡ, ಹಂಡೆಯಲ್ಲಿ ಬಿಸಿನೀರು, ಜರಡಿ ಹಿಡಿದಿಟ್ಟ ರಾಗಿಹಿಟ್ಟು, ಸೋಲೂರಿನ ಮಣ್ಣು ಅಂಟಿದ ಕ್ಯಾರೆಟ್ಟು. ಮದುವೆಯಾಗಿದ್ದಾಗ ಒಂದು ಲೋಟ ಎತ್ತಿಡದ ಮನುಷ್ಯ! ಉಪ್ಪಿನ ಜಾಡಿಯನ್ನು ಮಾತ್ರ ಮೇಲಿನ ಹಲಗೆಯ ಮೇಲಿಡುತ್ತಿದ್ದರು. ನಾನು ಒಲೆಯ ಪಕ್ಕಕ್ಕೆ ತರುತ್ತಿದ್ದೆ. ಮರು ಸರದಿಗೆ ಮತ್ತೆ ಮೇಲೆ. ಮೊದಲಾಗಿದ್ದರೆ ಇದಕ್ಕೇ ವಾರಗಟ್ಟಲೆ ಮುನಿಸು. ಈಗ ಜಗಳವಾಡಲು ಎದುರಿಗೆ ಆಸಾಮಿಯೇ ಇಲ್ಲ. ಸುಮ್ಮನೆ ಇಳಿಸಿಕೊಂಡು ಸಾರಿಗೆ ಹಾಕಿದೆ. ಒಂದು ಭಾನುವಾರ ಬಂದು ನೋಡಿದರೆ ಜಾಡಿ ಒಲೆಯ ಪಕ್ಕದಲ್ಲೇ ಇತ್ತು. ಆ ವಾರ ನಾನು ಹೋಗುವಾಗ ಅವರಿಗಿಷ್ಟದ ಹುರುಳಿ ಸಾರು ಮಾಡಿಟ್ಟು, ಬಿಟ್ಟು ಹೋಗಿದ್ದ ಅಂಗಿಗೆ ಗುಂಡಿ ಹೊಲಿದಿಟ್ಟೆ. ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ.

ಆದರೆ ಮಗಳ ಎದೆ ಮಾತ್ರ ಪೂರ್ತಿ ತಿಳಿಯಾಗಲಿಲ್ಲ. ನನ್ನ ಸರದಿ ಶುರುವಾದ ಸೋಮವಾರ ಸಿಳ್ಳೆ ಹಾಕುತ್ತಿದ್ದ ಉಸಿರು ಗುರುವಾರದ ಹೊತ್ತಿಗೆ ಸರಿಹೋಗುತ್ತಿತ್ತು. ಅವರ ವಾರ ಮುಗಿಸಿ ನನ್ನ ಕೈಗೆ ಬಂದಾಗ ಮತ್ತೆ ಸಿಳ್ಳೆ. ಒಂದು ಭಾನುವಾರ ಅವಳ ಜಡೆ ಬಿಚ್ಚಿ ಬಾಚುವಾಗ ಮೂಗಿಗೆ ಸಾಂಬ್ರಾಣಿ ಬಡಿಯಿತು. ಕೇಳಿದರೆ ಮಗು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿತು. ಅಪ್ಪ ತಮ್ಮ ಸರದಿಯಲ್ಲಿ ಒಂದು ದಿನ ಬಿಟ್ಟು ಒಂದು ದಿನ ತಲೆಗೆ ಎರೆಯುತ್ತಾರೆ. ಸೋಲೂರಿನ ಅಜ್ಜಿ, ಅವಳು ಅವರ ಮನೆ ಮಾತಿನಂತೆ ಹೆತ್ತೆ ಎನ್ನುತ್ತಿದ್ದಳು, ಆ ಹೆತ್ತೆ ಹೇಳಿಕೊಟ್ಟಂತೆಯೇ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿ ಒಣಗಿಸುತ್ತಾರೆ. ಸೊಂಟಕ್ಕೆ ಇಳಿಯುವ ದಟ್ಟ ಕೂದಲು ಅವಳದು, ಒಣಗಲು ಬಹಳ ಹೊತ್ತು ಬೇಕು.

"ಹೊಗೆಗೆ ಕೆಮ್ಮು ಬರಲ್ವೇನೇ?"

"ಬರುತ್ತೆ. ತಡ್ಕೋತೀನಿ."

"ಯಾಕೆ? ಅಪ್ಪಂಗೆ ಹೇಳ್ಬಾರ್ದಾ?"

ಅವಳು ನನ್ನ ಸೆರಗು ಹಿಡಿದುಕೊಂಡಳು. "ಹೇಳ್ಬೇಡಮ್ಮಾ. ಅಪ್ಪ ಆವಾಗ ಮಾತ್ರ ಮಾತಾಡ್ತಾರೆ. ಚಿಕ್ಕೋರಿದ್ದಾಗ ಕಾಡೆಮ್ಮೆ ಓಡಿಸ್ಕೊಂಡು ಬಂದಿದ್ದು, ಮರ ಹತ್ತಿ ಕೂತಿದ್ದು, ಎಲ್ಲ ಹೇಳ್ತಾರೆ. ಬೇಡ ಅಂದ್ರೆ ಆಮೇಲೆ ಮಾತಾಡಲ್ಲ."

ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು. ಒಂದೇ ಒಂದು ಕಥೆ ನನಗೆ ಹೇಳಿದ್ದರೆ ನಾನೂ ಹೊಗೆ ಕುಡಿದುಕೊಂಡು ಇರುತ್ತಿದ್ದೆನಲ್ಲ ಎನ್ನಿಸಿತು. ಆಮೇಲೆ ಭಯವಾಯಿತು. ಮಗುವಿನ ಉಸಿರು ಉಳಿಸಬೇಕು, ಆ ಮನುಷ್ಯನ ಬಾಯಿಯೂ ಮುಚ್ಚಬಾರದು.

ಅದೇ ವಾರ ಅಕ್ಕ ಬಂದಳು. ನಂಜನಗೂಡಿನಿಂದ ಬಂಡೀಪುರದ ದಾರಿಯಲ್ಲಿ ಮಸಿನಗುಡಿ ದೂರವೇನಲ್ಲ. ಗೌರಿಯ ಬೆನ್ನಿಗೆ ಕಿವಿ ಇಟ್ಟು ಕೇಳಿ, ಮಗು ಶಾಲೆಗೆ ಹೋದ ಮೇಲೆ ನನ್ನನ್ನು ಕೂರಿಸಿಕೊಂಡಳು.

"ನಿಜ ಹೇಳು. ಯಾರ ವಾರದಲ್ಲಿ ಜಾಸ್ತಿ?"

ನಾನು ಹುರುಳಿಕಾಯಿ ಮುರಿಯುತ್ತಿದ್ದೆ.

"ಅವನ ವಾರದಲ್ಲಿ ಅಂತಾದ್ರೆ ಒಂದು ಮಾತು ಹೇಳು ಸಾಕು. ನಿಮ್ ಭಾವ ವಕೀಲರ ಹತ್ರ ಮಾತಾಡ್ತಾರೆ. ಮಗು ಪೂರ್ತಿ ನಿಂದೇ. ನೀನೂ ನಂಜನಗೂಡಿಗೆ ಬಂದ್ಬಿಡು, ಅಲ್ಲೇ ಅಂಗಡಿ ಹಾಕ್ಕೊಡ್ತೀವಿ."

ಸುಳ್ಳೇನೂ ಹೇಳಬೇಕಿರಲಿಲ್ಲ. ನಿಜ ಹೇಳಿದ್ದರೆ ಸಾಕಿತ್ತು, ಮಗಳು ನನ್ನವಳಾಗುತ್ತಿದ್ದಳು. ದಿನಾ ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು, ವಾರ ಬಿಟ್ಟು ವಾರ ಖಾಲಿ ಹಾಸಿಗೆ ನೋಡುವುದು ತಪ್ಪುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಯಾರೂ ನಂಬಬೇಡಿ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಆ ದೊಡ್ಡ ಕೈಗಳಿಂದ ಕೂದಲ ಎಳೆ ಬಿಡಿಸುತ್ತಾ ಕಾಡೆಮ್ಮೆಯ ಕಥೆ ಹೇಳುತ್ತಿರುವವರು ಕಣ್ಣಿಗೆ ಕಟ್ಟಿದರು.

"ಎರಡು ವಾರವೂ ಒಂದೇ, ಅಕ್ಕ. ಈಗ ಕಮ್ಮಿ ಆಗ್ತಿದೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನೂ ಒಂದು ಹಿಡಿ ಹುರುಳಿಕಾಯಿ ಎತ್ತಿಕೊಂಡು ಮುರಿಯತೊಡಗಿದಳು.

ಆ ಭಾನುವಾರ ಅವರು ಬಂದಿಳಿದು ಟವೆಲ್ಲು ಹಾಕಿದ್ದ ಸೀಟಿನಲ್ಲಿ ನಾನು ಕೂತೆ. ಗೌರಿಯನ್ನು ಸರೋಜಕ್ಕನ ಹತ್ತಿರ ಬನ್ನು ತರಲು ಕಳಿಸಿದೆ. ಗಟ್ಟಿಯಾಗಿ ಹೇಳುವ ಕ್ರಮವನ್ನು ನಾನು ಮುರಿದದ್ದು ಅದೊಂದೇ ಸಲ.

"ಗೌರಿ ಅಪ್ಪಾ, ಸಾಂಬ್ರಾಣಿ ಹೊಗೆ ಅವಳ ಎದೆಗೆ ಆಗ್ತಿಲ್ಲ. ನಿಮ್ಮ ಕಥೆ ನಿಂತೋಗುತ್ತೆ ಅಂತ ತಡ್ಕೊಂಡು ಕೂತಿರ್ತಾಳೆ."

ಅವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಸರಳು ಬಿಟ್ಟರು. ಬಸ್ಸು ಹೊರಟಿತು.

ಆ ವಾರ ಊಟಿಯಲ್ಲಿ ನನಗೆ ಹೊಲಿಗೆ ಓಡಲಿಲ್ಲ. ಯೂನಿಫಾರಮ್ಮಿನ ತೋಳನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದೆ. ಅವರು ಮತ್ತೆ ಆ ಹಳೆಯ ಮೌನದೊಳಗೆ ಹೋಗಿ ಕೂತರೆ? ನಾನು ಬೇಕೆಂದೇ ಚುಚ್ಚಿದೆ ಎಂದುಕೊಂಡರೆ? ಮುಂದಿನ ಭಾನುವಾರ ಬಸ್ಸು ಮಸಿನಗುಡಿ ತಲುಪಿತು. ಶಾಲು ಹಾಕಿ ಇಳಿದೆ. ಸರೋಜಕ್ಕನ ಅಂಗಡಿಯ ಮುಂದೆ ಮಲ್ಲೇಶ ಅವರು ನಿಂತಿದ್ದರು. ಅವರ ಪಕ್ಕ ಒಂದು ಗಂಡು ಹುಡುಗ. ಆ ಹುಡುಗ ಗೌರಿಯ ಫ್ರಾಕು ಹಾಕಿಕೊಂಡಿದ್ದ.

ಸೊಂಟದ ಜಡೆ ಕಿವಿಯ ಮೇಲಕ್ಕೆ ಏರಿತ್ತು. ಊರಿನಲ್ಲಿದ್ದದ್ದು ಒಂದೇ ಸಲೂನು, ಗಂಡಸರದು. ಆತನಿಗೆ ಗೊತ್ತಿದ್ದದ್ದು ಒಂದೇ ಕಟಿಂಗು. ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ, ಹಣೆಯ ಮೇಲೆ ಮೋಟು ಮೋಟು.

"ಈಗ ಬಿಸಿಲಿಗೇ ಒಣಗುತ್ತೆ" ಎಂದರು, ನೆಲ ನೋಡುತ್ತಾ.

"ಅಪ್ಪ ಹಿತ್ತಿಲಲ್ಲಿ ಕೂರಿಸ್ಕೊಂಡು ತಲೆ ಒರೆಸಿದ್ರು. ಒರೆಸ್ತಾ ಒರೆಸ್ತಾ ಆನೆ ಕಥೆ ಹೇಳಿದ್ರು. ಹೊಸದು!" ಎಂದಳು ಗೌರಿ.

ನನಗೆ ನಗು ಬಂತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರು ನಗುವಿನದಲ್ಲ ಎಂದು ಗೊತ್ತಾಯಿತು. ಸರೋಜಕ್ಕ "ಅಯ್ಯೋ ಪಾಪಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆ ದಿನ ವರದಿ ಹೇಳುವುದು ಇಬ್ಬರಿಗೂ ಮರೆತೇಹೋಯಿತು. ಬಸ್ಸು ಹೊರಟಾಗ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಇಳುಪ್ಪು ಇಲ್ಲೆ! ವಾರ ಪೂರಾ ಇಲ್ಲೆ!" ಎಂದು ಕೂಗಿದರು. ಅವರ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಅಂದೇ.

ಅಷ್ಟಕ್ಕೇ ಮುಗಿಯಲಿಲ್ಲ. ಹೆಣ್ಣುಮಗುವಿನ ಕೂದಲಿಗೆ ಕತ್ತರಿ ಹಾಕುವುದೆಂದರೆ ಆ ಮನೆಯಲ್ಲಿ ಸಣ್ಣ ಮಾತಲ್ಲ. ಕೆಲವು ದಿನದ ಮೇಲೆ ಅವರಮ್ಮ ಊಟಿಯ ಮಾರ್ಕೆಟ್ಟಿನಲ್ಲಿ ಎದುರಾಗಿ, "ನಾ ಬೆಳೆಸಿದ ಕೂದಲು ಯಾರು ಕುಯ್ದದ್ದು?" ಎಂದು ಕೇಳಿದರು. "ನಾನೇ, ಅತ್ತೆ" ಎಂದೆ. ಬಾಯಿಗೆ ಬಂದಂತೆ ಬೈದರು. ನಿಂತು ಬೈಸಿಕೊಂಡೆ. ನನ್ನ ಆಯುಸ್ಸಿನಲ್ಲಿ ಎದುರು ಮಾತಾಡದೆ ಬೈಸಿಕೊಂಡದ್ದು ಅದೊಂದೇ.

ಹಿಮ ಕಳೆಯಿತು. ಗೌರಿಯ ಎದೆ ತಿಳಿಯಾಯಿತು, ನಂಜನಗೂಡಿನ ಮಾತು ಮತ್ತೆ ಏಳಲಿಲ್ಲ. ಮನೆ ಖಾಲಿ ಮಾಡುವ ದಿನ ಇಬ್ಬರೂ ಬಂದಿದ್ದೆವು. ಆ ಮನೆಯಲ್ಲಿ ನಾವು ಇಬ್ಬರೂ ಒಟ್ಟಿಗೆ ಇದ್ದದ್ದು ಅದೊಂದೇ ಮಧ್ಯಾಹ್ನ. ಪಾತ್ರೆ ಕಟ್ಟುವಾಗ ಉಪ್ಪಿನ ಜಾಡಿಯನ್ನು ಯಾರು ಒಯ್ಯಬೇಕೆಂದು ಗೊತ್ತಾಗದೆ ಸರೋಜಕ್ಕನಿಗೆ ಕೊಟ್ಟೆವು. ಬಸ್ಸಿನಲ್ಲಿ ಮೂವರ ಸೀಟು. ಕಿಟಕಿಗೆ ಗೌರಿ, ನಡುವೆ ನಾನು, ಆಚೆಗೆ ಅವರು. ತಲೈಕುಂದಾದಲ್ಲಿ ಅವರು ಸೋಲೂರಿನ ಬಸ್ಸಿಗೆಂದು ಇಳಿದರು. ಇಳಿದು ಕಿಟಕಿಯ ಹತ್ತಿರ ಬಂದು ನಿಂತರು. ಹೇಳುವುದು ಏನೂ ಇರಲಿಲ್ಲ, ಮಗಳು ಎದುರಿಗೇ ಇದ್ದಳು. ಆದರೂ ಬಸ್ಸು ಹೊರಡುವ ತನಕ ನಿಂತೇ ಇದ್ದರು.

ಆಮೇಲೆ ಗೌರಿ ಮೊದಲಿನಂತೆ ಒಂದು ವಾರ ಅತ್ತ, ಒಂದು ವಾರ ಇತ್ತ; ಬಸ್ಸಿನ ಕಿಟಕಿಯ ಮಾತು ವರ್ಷಗಟ್ಟಲೆ ಹಾಗೇ ನಡೆಯಿತು. ಪರೀಕ್ಷೆ, ಜ್ವರ, ಮೊಡವೆ, ಹಟ, ಎಲ್ಲಕ್ಕೂ ಇಬ್ಬರೂ ಗಟ್ಟಿಯಾಗಿ ಮಾತಾಡಿಕೊಂಡೆವು. ನಾವು ಇಬ್ಬರೂ ಮತ್ತೆ ಮದುವೆಯಾಗಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾದೆವು ಎಂದು ತಿಳಿಯಬೇಡಿ, ಪುರುಸೊತ್ತಾಗಲಿಲ್ಲ. ಈಗ ಗೌರಿ ಕೊಯಮತ್ತೂರಿನಲ್ಲಿ ಓದುತ್ತಾಳೆ. ತಲೆ ತುಂಬ ಕೂದಲು ಬೆಳೆಸಿದ್ದಾಳೆ, ಅದನ್ನು ಒಣಗಿಸಲು ಮಿಷನ್ ಇಟ್ಟುಕೊಂಡಿದ್ದಾಳೆ. ಅಪ್ಪನಿಗೆ ಬೇರೆ ಫೋನು, ನನಗೆ ಬೇರೆ ಫೋನು. ಅವಳ ಸುದ್ದಿಯನ್ನು ಅವಳೇ ಹೇಳುತ್ತಾಳೆ. ನಾವು ಒಬ್ಬರಿಗೊಬ್ಬರು ಹೇಳಬೇಕಾದ್ದು ಈಗ ಏನೂ ಉಳಿದಿಲ್ಲ. ಮಗಳನ್ನು ಚೆನ್ನಾಗಿ ಬೆಳೆಸಿದಿರಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ಚೆನ್ನಾಗಿ ಬೆಳೆಸಿದರೆ ಕೆಲಸ ಮುಗಿಯುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೆ ಗಂಡ ಬೇಕೆಂದಲ್ಲ, ಆ ಮದುವೆಯೂ ಬೇಡ. ಕಿಟಕಿಯ ಆಚೆ ಈಚೆ ನಿಂತು ಒಂದೇ ಮಗುವಿನ ಚಿಂತೆ ಮಾಡುತ್ತಿದ್ದ ಆ ಹತ್ತು ನಿಮಿಷ ಬೇಕು. ಬಹಳ ಬೇಕು ಅನ್ನಿಸುತ್ತದೆ.

ಬೇಲಿಯಾಚೆ ಸಾಂಬ್ರಾಣಿಯ ವಾಸನೆ ತೆಳುವಾಯಿತು. ನಿಲ್ದಾಣಕ್ಕೆ ಬಂದರೆ ಊಟಿಯ ಬಸ್ಸು ನಿಂತಿತ್ತು. ಸರೋಜಕ್ಕನ ಅಂಗಡಿ ಇದ್ದ ಜಾಗದಲ್ಲಿ ಸಫಾರಿ ಜೀಪಿನವರು ಬೋರ್ಡು ಹಾಕಿದ್ದರು. ಹತ್ತಿ ಕಿಟಕಿಗೆ ಕೂತೆ. ಶಾಲನ್ನು ತೊಡೆಯ ಮೇಲಿಟ್ಟುಕೊಂಡು, ಮಾಡಲೋ ಬೇಡವೋ ಎಂದುಕೊಳ್ಳುತ್ತಲೇ ಫೋನು ಮಾಡಿದೆ.

"ಗೌರಿ ಅಪ್ಪಾ."

"ಏನು? ಕೂಸಿಗೆ ಏನಾಯ್ತು?"

"ಏನೂ ಇಲ್ಲ. ಚೆನ್ನಾಗಿದಾಳೆ."

"ಮತ್ತೆ?"

ಬಾಯಿ ಮುಚ್ಚದವಳು ನಾನು, ನನಗೇ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆ, "ಮಸಿನಗುಡೀಲಿದೀನಿ. ಬರೋವಾಗ ಯಾವ ಗ್ಯಾನದಲ್ಲಿದ್ದೆನೋ, ಇಳಿವಾಗ ನಿಮಗೆ ಸೀಟು ಹಿಡಿದುಬಿಟ್ಟಿದ್ದೆ."

ಫೋನಿನಲ್ಲಿ ಅವರ ಹಿಂದೆ ಎಲ್ಲೋ ಕ್ಯಾರೆಟ್ ತೊಳೆಯುವ ಮಿಷನ್ನಿನ ಸದ್ದು. ಡ್ರೈವರು ಟೀ ಮುಗಿಸಿ ಬಂದು ಕೂತ. ಅವರ ಸುಮ್ಮನಿರುವಿಕೆ ನನಗೆ ಗೊತ್ತು, ಸಂಜೆಯ ತನಕ ಕಾಯಬೇಕಾಗಬಹುದು ಎಂದುಕೊಂಡೆ.

"ಕಿಟಕಿ ಪಕ್ಕದ್ದಾ?" ಎಂದರು.

"ಹೂಂ" ಎಂದೆ. "ಕಿಟಕಿ ಪಕ್ಕದ್ದೇ."